ರಗ್ಬಿ ಮೈದಾನಕ್ಕೊಂದು ಕನ್ನಡದ ಮೈಕು

ಬಳ್ಳಾರಿಯಿಂದ ಫೋನ್ ಬಂದಾಗ ನಾನು ಸಿರುಗುಪ್ಪದ ನಮ್ಮ ಶಾಲೆಯ ಅಂಗಳದಲ್ಲಿ ಖೋಖೋ ಕಂಬ ನೆಡಿಸುತ್ತಿದ್ದೆ. ಮಹಿಳೆಯರ ರಾಷ್ಟ್ರಮಟ್ಟದ ರಗ್ಬಿ ಟೂರ್ನಿ ಬಳ್ಳಾರಿಯಲ್ಲಿ ನಡೆಯಲಿದೆ, ಮೈಕಿನಲ್ಲಿ ಕನ್ನಡದ ವಿವರಣೆ ನೀವೇ ಕೊಡಬೇಕು ಎಂದರು ಸಂಘಟಕರು. ನನಗೆ ರಗ್ಬಿಯ ಹೆಸರು ಗೊತ್ತಿತ್ತು, ಆಟ ಗೊತ್ತಿರಲಿಲ್ಲ. ಹಾಗೆಂದೇ ಹೇಳಿದೆ.

"ನೀವು ಕಬಡ್ಡಿಗೆ ಹೇಳ್ತೀರಲ್ರಿ ಮೇಡಂ, ಹಂಗ ಹೇಳಿದ್ರ ಸಾಕು. ಹಿಂದಿಗೆ, ಇಂಗ್ಲಿಷಿಗೆ ಹೊರಗಿಂದ ಒಬ್ರು ಬರ್ತಾರ. ನಮ್ಮ ಮಂದಿಗೆ ತಿಳಿಯಂಗ ಹೇಳಾಕ ಯಾರರ ಬೇಕಲ್ರಿ."

ಒಪ್ಪಿಕೊಂಡು ಫೋನ್ ಇಟ್ಟ ಮೇಲೆ ಶುರುವಾದ ತಳಮಳ ಟೂರ್ನಿ ಮುಗಿಯುವವರೆಗೂ ನನ್ನನ್ನು ಬಿಡಲಿಲ್ಲ. ಕಬಡ್ಡಿ ನೋಡಲು ಬರುವವರಿಗೆ ಕಬಡ್ಡಿ ಗೊತ್ತಿರುತ್ತದೆ. ಅಲ್ಲಿ ನನ್ನ ಕೆಲಸ ಅವರಿಗೆ ಗೊತ್ತಿರುವುದನ್ನೇ ಸ್ವಲ್ಪ ರಂಗೇರಿಸಿ ಹೇಳುವುದು. ಇಲ್ಲಿ ನನಗೂ ತಿಳಿಯದು, ಕೇಳುವವರಿಗೂ ತಿಳಿಯದು.

ಆಟವನ್ನು ಮೊಬೈಲಿನಲ್ಲಿ ನೋಡಿ ಕಲಿಯಲು ಹೋಗಿ ಇನ್ನಷ್ಟು ಗೊಂದಲವಾಯಿತು. ನಮ್ಮ ರಾಜ್ಯದ ತಂಡದ ಶಿಬಿರ ಕುರುಗೋಡಿನಲ್ಲಿ ನಡೆಯುತ್ತಿದೆ ಎಂದು ತಿಳಿದು ಭಾನುವಾರ ಬೆಳಿಗ್ಗೆಯೇ ಬಸ್ ಹತ್ತಿದೆ. ಕೋಚ್ ಹೊರರಾಜ್ಯದವರು, ಹಿಂದಿ ಮಾತ್ರ ಬಲ್ಲವರು. ನಾನು ಬಂದ ಕಾರಣ ಹೇಳಿದಾಗ ನಕ್ಕು, ನೀರು ಕುಡಿಯುತ್ತ ನಿಂತಿದ್ದ ಒಬ್ಬಳನ್ನು ಕರೆದು ನನ್ನನ್ನು ಅವಳಿಗೆ ಒಪ್ಪಿಸಿದರು. ಗಟ್ಟಿ ಹೆಗಲಿನ, ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡಿದ್ದ ಹುಡುಗಿ. ಹೆಸರು ಹುಲಿಗೆಮ್ಮ. ಊರು ಅಲ್ಲೇ ಪಕ್ಕದ ಬಾದನಹಟ್ಟಿ.

"ಒಂದು ತಂಡಕ್ಕ ಏಳು ಮಂದಿರಿ ಮೇಡಂ," ಎಂದು ಅವಳು ನೆಲದ ಮೇಲೆ ಬಾಟಲಿ ಮುಚ್ಚಳ, ಚಪ್ಪಲಿ, ಕಲ್ಲು ಇಟ್ಟು ಶುರು ಮಾಡಿದಳು. "ಏಳು ನಿಮಿಷದ್ದು ಎರಡು ಸಲ ಆಡ್ತೀವಿ. ಚೆಂಡು ತಗೊಂಡು ಹೋಗಿ ಅವರ ಗೆರಿ ದಾಟಿ ನೆಲಕ್ಕ ಒತ್ತಿದ್ರ ಅದು ಟ್ರೈ. ಐದು ಅಂಕ. ಆಮ್ಯಾಲ ಒದ್ದು ಕಂಬದ ನಡುವ ದಾಟಿಸಿದ್ರ ಇನ್ನೆರಡು. ಆದ್ರ ಕೈಲೆ ಚೆಂಡು ಕೊಡೋದು ಮಾತ್ರ ಹಿಂದಕ ಕೊಡಬೇಕು."

"ಮುಂದೆ ಹೋಗಬೇಕಾದವರು ಹಿಂದಕ್ಕೆ ಯಾಕೆ ಕೊಡ್ತೀರಿ?"

"ಹಿಂದ ಇದ್ದಾಕಿ ನನಗಿಂತ ಜೋರು ಓಡಿ ಬರ್ತಿರ್ತಾಳ್ರಿ. ಚೆಂಡು ಹಿಂದ ಹೋದಂಗ ಕಾಣತೈತಿ, ಖರೇ ಅಂದ್ರ ಆಟ ಮುಂದ ಹೋಗತೈತಿ."

ಎದುರಾಳಿಯನ್ನು ಕೆಡವುವುದು ಹೇಗೆಂದು ಕೇಳಿದಾಗ ನನ್ನನ್ನು ಎದ್ದು ನಿಲ್ಲಿಸಿದಳು. ನಿಧಾನಕ್ಕೆ ಎಂದುಕೊಂಡಿದ್ದೆ. ಅವಳ ಹೆಗಲು ನನ್ನ ತೊಡೆಗೆ ತಾಗಿದ್ದಷ್ಟೇ ಗೊತ್ತು, ಮರುಕ್ಷಣ ನಾನು ಆಕಾಶ ನೋಡುತ್ತಿದ್ದೆ. ಸೀರೆ ಉಟ್ಟು ಬಾರದಿದ್ದುದೇ ಪುಣ್ಯ. ಅವಳು ಕೈ ಕೊಟ್ಟು ಎಬ್ಬಿಸುತ್ತ ಹೇಳಿದಳು: "ಕೆಡವಿದ ಕೂಡ್ಲೆ ಬಿಟ್ಟುಬಿಡಬೇಕ್ರಿ. ಹಿಡ್ಕೊಂಡ ಬಿದ್ದಿದ್ರ ತಪ್ಪು. ಇನ್ನ ಭುಜದ ಮ್ಯಾಲ ಕೈ ಹೋತು ಅಂದ್ರ ಮುಗೀತು, ಹಳದಿ ಕಾರ್ಡ್ ತಗೀತಾರ. ಎರಡು ನಿಮಿಷ ಹೊರಗ."

ಊರಿಗೆ ಬಂದು ಎಲ್ಲದಕ್ಕೂ ಕನ್ನಡ ಪದ ಕಟ್ಟಿದೆ. ಗೆರೆಯಾಚೆ ಹೋದ ಚೆಂಡನ್ನು ಒಳಗೆ ಎಸೆಯುವುದಕ್ಕೆ 'ಪಾರ್ಶ್ವರೇಖಾ ಎಸೆತ', ಮೂರು ಮೂರು ಜನ ಹೆಗಲು ಕೊಟ್ಟು ತಳ್ಳುವುದಕ್ಕೆ 'ಸ್ಕಂಧ ಸಂಘರ್ಷ'. ಬಾಯಿಪಾಠ ಮಾಡಿದೆ. ನನ್ನ ಕೆಲಸದ ಬಗ್ಗೆ ನನಗೇ ಮೆಚ್ಚುಗೆ ಹುಟ್ಟಿತ್ತು.

ಟೂರ್ನಿಯ ಹಿಂದಿನ ದಿನ ಬಳ್ಳಾರಿಗೆ ಹೋಗಿ ಬ್ರೂಸ್‌ಪೇಟೆಯ ಚಿಕ್ಕಮ್ಮನ ಮನೆಯಲ್ಲಿ ಉಳಿದೆ. ಊರು ಬೇರೆಯದೇ ಆಗಿ ಕಾಣುತ್ತಿತ್ತು. ಅಂಗಡಿ ಸಾಲಿನಲ್ಲಿ ಎತ್ತರದ, ಕುಳ್ಳನೆಯ, ಗುಂಗುರು ಕೂದಲಿನ, ತಲೆ ಸಣ್ಣಗೆ ಕತ್ತರಿಸಿಕೊಂಡ ಹುಡುಗಿಯರು ತಂಡತಂಡವಾಗಿ ಬಾಳೆಹಣ್ಣು, ಬಕೆಟ್ಟು, ಹಗ್ಗ ಕೊಳ್ಳುತ್ತಿದ್ದರು. ಯಾರ ಕೈಯಲ್ಲಿ ಪ್ಲಾಸ್ಟರ್ ಇದೆ, ಯಾರ ಕಣ್ಣಿನ ಕೆಳಗೆ ಕಪ್ಪಾಗಿದೆ ಎಂದು ವ್ಯಾಪಾರಿಗಳು ಕತ್ತು ಚಾಚಿ ನೋಡುತ್ತಿದ್ದರು. "ಇವ್ರು ಕುಸ್ತಿಯವರೇನು?" ಎಂದು ಚಿಕ್ಕಮ್ಮ ಕೇಳಿದರು. ವಿವರಿಸಲು ಹೋದೆ. ಅರ್ಧಕ್ಕೇ ಅವರು ಅನ್ನಕ್ಕಿಡಲು ಎದ್ದರು.

ಮೊದಲ ದಿನ ಅದೇ ಆಯಿತು. ವಿವರಣೆಗಾರರಿಗೆ ಪ್ರೇಕ್ಷಕರ ಮೆಟ್ಟಿಲುಸಾಲಿನ ಮೇಲ್ಗಡೆ ತಗಡಿನ ಶೀಟು ಹೊದಿಸಿದ ಒಂದು ಪುಟ್ಟ ಕೋಣೆ. ಹಿಂದಿಯವರೊಂದಿಗೆ ಸರದಿಯಲ್ಲಿ ಮಾತಾಡಬೇಕು. ನಾನು 'ಚೆಂಡು ಪಾರ್ಶ್ವರೇಖೆಯನ್ನು ದಾಟಿದ್ದರಿಂದ ಇದೀಗ ಎದುರಾಳಿ ತಂಡಕ್ಕೆ' ಎನ್ನುವಷ್ಟರಲ್ಲಿ ಎಸೆತ ಮುಗಿದು, ಚೆಂಡು ನಾಲ್ಕು ಕೈ ದಾಟಿ, ಇನ್ಯಾರೋ ಟ್ರೈ ಹಾಕಿ ಎದ್ದು ಧೂಳು ಕೊಡವಿಕೊಳ್ಳುತ್ತಿದ್ದರು. ಜನ ಯಾವುದಕ್ಕೆ ಚಪ್ಪಾಳೆ ತಟ್ಟಬೇಕೋ ತಿಳಿಯದೆ ಚೆಂಡು ಎತ್ತರಕ್ಕೆ ಹಾರಿದಾಗಲೆಲ್ಲ ತಟ್ಟಿದರು. ಶಾಲಾ ಮಕ್ಕಳು ನಿದ್ದೆ ಹೋದರು. ಕೋಣೆಯ ಕೆಳಗೆ ಕುಳಿತಿದ್ದ ಹಿರಿಯರೊಬ್ಬರು ತಿರುಗಿ ತುಂಬಾ ಮರ್ಯಾದೆಯಿಂದಲೇ ಕೇಳಿದರು: "ಮೇಡಂ, ನೀವು ಹೇಳಾಕತ್ತಿರೋದು ಯಾವ ಆಟದ್ದು? ಇಲ್ಲಿ ನಡದಿರೋದು ಬ್ಯಾರೆ ಐತಲ್ಲ."

ಹೇಳಿ ಅವರು ಒಗ್ಗರಣೆ ಮಿರ್ಚಿ ತಿನ್ನಲು ಎದ್ದು ಹೋದರು. ಅವರ ಹಿಂದೆ ಅರ್ಧ ಸಾಲು ಖಾಲಿಯಾಯಿತು.

ಸಂಜೆ ಸಂಘಟಕರು ಮುಖ ಸಣ್ಣದು ಮಾಡಿಕೊಂಡು ಬಂದರು. "ನಡುನಡುವ ಏನಾರ ತಮಾಷಿ ಮಾಡ್ರಿ ಮೇಡಂ. ಸಿನೆಮಾ ಡೈಲಾಗ್ ಹೊಡೀರಿ. ಹುಡುಗ್ಯಾರು ಬೀಳೋದು ನೋಡಿ ಮಂದಿ ನಗ್ತಾರ, ಅದನ್ನ ಸ್ವಲ್ಪ ಬೆಳಸ್ರಿ."

ಆಗುವುದಿಲ್ಲ ಎಂದೆ. ಆದರೆ ಏನು ಮಾಡಿದರೆ ಆಗುತ್ತದೆ ಎಂದು ನನಗೂ ಗೊತ್ತಿರಲಿಲ್ಲ.

ಮರುದಿನ ಬೆಳಕು ಹರಿಯುವ ಮೊದಲೇ ಎಚ್ಚರವಾಯಿತು. ಕೆಳಗೆ ಲಾರಿಯಿಂದ ಮೂಟೆ ಇಳಿಸುತ್ತಿದ್ದರು. ಮಾಳಿಗೆಯ ಕಟ್ಟೆಗೆ ಒರಗಿ, ಅಭ್ಯಾಸಕ್ಕೆಂದು, ಅವರ ಕೆಲಸವನ್ನೇ ಮೈಕಿನಲ್ಲಿ ಹೇಳುವಂತೆ ಮೆಲ್ಲಗೆ ಹೇಳತೊಡಗಿದೆ. ಉದ್ದದ ವಾಕ್ಯ ಎರಡನೇ ಮೂಟೆಗೇ ಸೋತಿತು. 'ಕೊಟ್ಟ. ಹಿಡಿದ. ಹೆಗಲಿಗೇರಿತು. ಹೊರಟ. ಜಾರಿತು, ಇಲ್ಲ, ಹಿಡಿದ.' ಕಣ್ಣು ಮತ್ತು ನಾಲಗೆ ಒಟ್ಟಿಗೆ ಓಡತೊಡಗಿದವು. ಲಾರಿ ಖಾಲಿಯಾಗುವವರೆಗೂ ಹೇಳಿದೆ. ಕಟ್ಟಿದ ಪದಗಳನ್ನೆಲ್ಲ ಅಲ್ಲೇ ಬಿಟ್ಟು, ಆಟಗಾರ್ತಿಯರ ಹೆಸರುಗಳನ್ನು ಮಾತ್ರ ತಲೆಯಲ್ಲಿಟ್ಟುಕೊಂಡು ಮೈದಾನಕ್ಕೆ ಹೋದೆ.

ಮೊದಲ ಪಂದ್ಯಕ್ಕೆ ಮುಂಚೆ ಹುಲಿಗೆಮ್ಮನ ಮಾತನ್ನೇ ಜನರ ಮುಂದಿಟ್ಟೆ. ಹಿಂದಕ ಕೊಡಬೇಕು, ಮುಂದಕ ಹೋಗಬೇಕು. ಗಡಿ ಕಡೆಯ ಊರುಗಳಿಂದ ಬಂದವರಿಗಾಗಿ ಅದನ್ನೇ ತೆಲುಗಿನಲ್ಲೂ ಅಂದೆ: "ವೆನಕ್ಕಿ ಇಯ್ಯಾಲ, ಮುಂದಿಕಿ ಪೋವಾಲ!" ನಗು ಬಂತು, ಆದರೆ ತಿಳಿದ ನಗು. ಒಬ್ಬರ ಮೇಲೊಬ್ಬರು ಬಿದ್ದ ಗುಂಪನ್ನು 'ರಾಶಿ' ಅಂದೆ. ಮಧ್ಯಾಹ್ನದೊಳಗೆ ಮಕ್ಕಳು ರಾಶಿ ಬಿದ್ದಾಗಲೆಲ್ಲ "ರಾಶಿ, ರಾಶಿ" ಎಂದು ಕೂಗತೊಡಗಿದರು. ಮೂರನೆಯ ದಿನ ನಮ್ಮ ತಂಡ ಸೆಮಿಫೈನಲ್‌ಗೆ ಬಂದಾಗ ಮೆಟ್ಟಿಲುಗಳಲ್ಲಿ ಜಾಗವಿರಲಿಲ್ಲ. ಬಾದನಹಟ್ಟಿಯಿಂದ ಜನ ಟ್ರ್ಯಾಕ್ಟರ್, ಟಾಟಾ ಏಸ್ ಮಾಡಿಕೊಂಡು ಬಂದಿದ್ದರು. ತಂತಿಬೇಲಿಗೆ ಎದೆ ಒತ್ತಿ ನಿಂತವರಲ್ಲಿ ಹುಲಿಗೆಮ್ಮನ ತಾಯಿಯೂ ಇದ್ದರು. ಮಗಳ ಆಟವನ್ನು ಆಕೆ ನೋಡುತ್ತಿರುವುದು ಅದೇ ಮೊದಲು ಎಂದು ಯಾರೋ ಹೇಳಿದರು.

ಮೊದಲರ್ಧದಲ್ಲಿ ಹುಲಿಗೆಮ್ಮ ಇಬ್ಬರನ್ನು ಹೊತ್ತುಕೊಂಡೇ ಗೆರೆ ದಾಟಿ ಬಿದ್ದಳು. ಟ್ರೈ. ನಾನು ಗಂಟಲು ಬಿಚ್ಚಿ ಅವಳ ಹೆಸರು ಮೂರು ಸಲ ಕೂಗಿದೆ. ಬೇಲಿಯ ಬಳಿ ಶಲ್ಯ, ಟವೆಲ್ಲು ಗಾಳಿಗೆ ಹಾರಿದವು.

ದ್ವಿತೀಯಾರ್ಧದಲ್ಲಿ ಎದುರಿನ ತಂಡದ ಸಣಕಲು ಹುಡುಗಿಯೊಬ್ಬಳು ಅಂಚಿನಲ್ಲಿ ನುಸುಳಿದಳು. ತಡೆಯಲು ಉಳಿದದ್ದು ಹುಲಿಗೆಮ್ಮ ಒಬ್ಬಳೇ, ಅವಳೂ ಒಂದು ಹೆಜ್ಜೆ ತಡವಾಗಿದ್ದಳು. ಬಗ್ಗಲು ಸಮಯ ಸಿಗಲಿಲ್ಲವೋ, ದಣಿದಿದ್ದಳೋ, ಕೈ ಎತ್ತರಕ್ಕೆ ಹೋಗಿ ಆ ಹುಡುಗಿಯ ಕತ್ತಿಗೆ ಅಡ್ಡ ಬಿತ್ತು. ಕಾಲು ಮುಂದಕ್ಕೆ ಹಾರಿ ಆ ಹುಡುಗಿ ಬೆನ್ನು ಕೊಟ್ಟು ಬಿದ್ದಳು. ಏಳಲಿಲ್ಲ.

ರೆಫರಿ ಸೀಟಿ ಊದಿ ಹಳದಿ ಕಾರ್ಡ್ ತೋರಿಸಿದರು. ಹುಲಿಗೆಮ್ಮ ತಲೆ ತಗ್ಗಿಸಿ ಹೊರಗೆ ನಡೆದಳು.

ಜನ ಕಂಡದ್ದೇ ಬೇರೆ. ಗೆರೆ ದಾಟುತ್ತಿದ್ದವಳನ್ನು ನಮ್ಮ ಹುಡುಗಿ ತಡೆದಳು, ಅದಕ್ಕೆ ಅವಳನ್ನೇ ಹೊರಗಟ್ಟಿದರು! ನೀರಿನ ಪಾಕೀಟೊಂದು ಮೈದಾನದೊಳಗೆ ಬಂದು ಬಿತ್ತು. ಆಮೇಲೆ ಒಂದು ಚಪ್ಪಲಿ. ನಾಲ್ಕೈದು ಜನ ಬೇಲಿ ಹತ್ತಲು ಶುರು ಮಾಡಿದರು, ತಂತಿ ಒಳಕ್ಕೆ ಬಾಗಿತು. ರೆಫರಿ ಆಟ ನಿಲ್ಲಿಸಿ ಎರಡೂ ತಂಡಗಳನ್ನು ನಡುಮೈದಾನಕ್ಕೆ ಕರೆದುಕೊಂಡರು. ಬಿದ್ದ ಹುಡುಗಿಯ ಸುತ್ತ ವೈದ್ಯರು ಮಂಡಿಯೂರಿದ್ದರು. ಅವಳ ಕತ್ತನ್ನು ಅಲುಗಾಡದಂತೆ ಹಿಡಿದಿದ್ದರು.

ಸಂಘಟಕರು ಏದುಸಿರು ಬಿಡುತ್ತ ಕೋಣೆಗೆ ನುಗ್ಗಿದರು. "ಹಾಡು ಹಾಕಸ್ತೀನಿ, ನೀವು ಏನೂ ಅನಬ್ಯಾಡ್ರಿ. ನಮ್ಮಾಕೀದು ತಪ್ಪು ಗಿಪ್ಪು ಅಂದ್ರ ಮಂದಿ ರೊಚ್ಚಿಗೇಳತೈತಿ. ರೆಫ್ರಿ ಮತ್ತೊಮ್ಮೆ ವಿಚಾರ ಮಾಡ್ತಾರ ಅನ್ರಿ ಬೇಕಾದ್ರ."

ವಿಚಾರ ಮಾಡುವುದಿಲ್ಲ ಎಂದು ನನಗೆ ಗೊತ್ತಿತ್ತು. ಹಾಡಿಗೆ ಈ ಸಿಟ್ಟು ಇಳಿಯುವುದಿಲ್ಲ ಎಂದೂ ಗೊತ್ತಿತ್ತು. ಎತ್ತರದ ಕೋಣೆಯಿಂದ ಬುದ್ಧಿ ಹೇಳಿದರೆ ಇನ್ನಷ್ಟು ಕೆರಳುತ್ತಾರೆ. ಮೇಜಿನ ಮೇಲೆ ವೈರಿಲ್ಲದ ಮೈಕೊಂದು ಇತ್ತು, ಬಹುಮಾನ ವಿತರಣೆಗೆಂದು ಇಟ್ಟದ್ದು. ಅದನ್ನೆತ್ತಿಕೊಂಡು ಮೆಟ್ಟಿಲಿಳಿದೆ. "ಮೇಡಂ, ಬ್ಯಾಡ್ರೀ!" ಎಂಬ ಕೂಗು ಬೆನ್ನ ಹಿಂದೆ ಕೇಳಿತು. ಮೈದಾನದ ಅಂಚು ಬಳಸಿ ಬೇಲಿಯ ಒಳಬದಿಯಲ್ಲಿ, ಹತ್ತುತ್ತಿದ್ದವರ ನೇರ ಎದುರಿಗೆ ಹೋಗಿ ನಿಂತೆ.

"ಅಣ್ಣಾರ, ಅಲ್ಲೇ ನಿಲ್ರಿ. ಒಂದು ಮಾತು ಕೇಳಿ ಆಮ್ಯಾಲ ಹತ್ತೀರಂತ."

ಬೇಲಿಯ ತುದಿಯಲ್ಲಿ ಒಂದು ಕಾಲು ಹಾಕಿದ್ದವನೊಬ್ಬ ಕೇಳಿದ: "ನೀವು ಯಾವೂರವ್ರು?"

"ಸಿರುಗುಪ್ಪ."

"ಮತ್ತ ನಮ್ಮ ಹುಡುಗೀನ ಹೊರಗ ಹಾಕಿದ್ರ ಸುಮ್ನ ಅದೀರಲ್ಲ?"

ಮೈಕನ್ನು ಎಡಗೈಗೆ ಬದಲಿಸಿ ಬಲಗೈಯನ್ನು ನನ್ನ ಕತ್ತಿಗೆ ಅಡ್ಡ ಹಿಡಿದು ತೋರಿಸಿದೆ. "ಇಲ್ಲಿ ಬಿತ್ತು ಕೈ. ಓಡಿ ಬರ್ತಿದ್ದಾಕಿ ಕಾಲು ಮುಂದ ಹೋತು, ತಲಿ ಹಿಂದ ಬಿತ್ತು. ಕತ್ತಿನ ಎಲುಬು ಮುರದ್ರ ಆಕಿ ಮತ್ತ ಏಳಂಗಿಲ್ಲ. ಅದಕ್ಕ ಈ ಆಟದಾಗ ಭುಜದ ಮ್ಯಾಲ ಕೈ ಹಾಕಬಾರದು ಅಂತ ಐತಿ. ನಮ್ಮ ಕಡಿ ಒಬ್ಬ ಆಟಗಾರ್ತಿ ಹಾಕ್ಯಾಳ. ತಪ್ಪು ನಮ್ಮದು."

ದೊಡ್ಡ ಗದ್ದಲವೆದ್ದಿತು. ನನ್ನ ಮಾತು ಸ್ಪೀಕರಿನಿಂದ ತಡವಾಗಿ ತಿರುಗಿ ಬಂದು ನನ್ನ ಕಿವಿಗೇ ಬಡಿಯುತ್ತಿತ್ತು. ನಿಲ್ಲಿಸಲಿಲ್ಲ.

"ಎರಡು ನಿಮಿಷ ಹೊರಗ ಕುಂತು ಆಕಿ ಮತ್ತ ಒಳಗ ಬರ್ತಾಳ. ನೀವು ಬೇಲಿ ಹಾರಿದ್ರ ಆಟನ ನಿಲ್ತೈತಿ, ನಿಮ್ಮ ಹುಡುಗಿ ಸೋತಂಗ. ಆಡಿ ಸೋಲ್ತಾಳೋ ಗೆಲ್ತಾಳೋ, ಆಡಾಕರ ಬಿಡ್ರಿ. ನಾಳಿ ಆಕಿ ಕತ್ತಿಗೆ ಯಾರಾರ ಕೈ ಹಾಕಿದ್ರ ಇದ ಕಾರ್ಡ್ ಅವರಿಗೂ ತಗೀತಾರ. ಆಗ ನಾನ ಕೂಗಿ ಹೇಳ್ತೀನಿ."

ಅಷ್ಟರಲ್ಲಿ ಬಿದ್ದಿದ್ದ ಹುಡುಗಿ ಎದ್ದು ಕುಳಿತಳು. ಇಬ್ಬರ ಆಸರೆಯಲ್ಲಿ ಮೆಲ್ಲಗೆ ಹೊರಗೆ ನಡೆದಳು. ಅವಳ ಕತ್ತಿನ ಬಳಿ ಕೆಂಪು ಬರೆ ಬೇಲಿಯವರೆಗೂ ಕಾಣುತ್ತಿತ್ತು. ಅದನ್ನು ನೋಡಿದ ಮೇಲೆ ಹಿಂದಿನಿಂದ ಯಾರೋ "ಇಳೀರಲೇ, ಇಳೀರಿ" ಎಂದರು. ಬೇಲಿಯ ಮೇಲಿದ್ದವನು ನನ್ನನ್ನು ದುರುಗುಟ್ಟಿ ನೋಡುತ್ತಲೇ ಇಳಿದ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಆಟ ಮತ್ತೆ ಶುರುವಾಯಿತು. ನಮ್ಮವರು ಆರೇ ಜನ ಆಡುತ್ತಿದ್ದ ಹೊತ್ತಿನಲ್ಲಿ ಎದುರಿನವರು ಟ್ರೈ ಹಾಕಿದರು, ಆಮೇಲೆ ಇನ್ನೊಂದು. ಸೆಮಿಫೈನಲ್ ಸೋತೆವು.

ಜನ ಚದುರುವಾಗ ಹುಲಿಗೆಮ್ಮನ ತಾಯಿ ಮೆಟ್ಟಿಲ ಬಳಿ ನನಗಾಗಿ ಕಾದು ನಿಂತಿದ್ದರು. ಸೆರಗು ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು.

"ಊರ ಮಂದಿ ಎಲ್ಲಾ ಬಂದಿದ್ರು. ಅವರ ಮುಂದ ನನ್ನ ಮಗಳು ತಪ್ಪು ಮಾಡ್ಯಾಳ ಅಂತ ಮೈಕಿನ್ಯಾಗ ಸಾರಿದ್ರಿ. ನಿಮಗೂ ಹೆಣ್ಮಕ್ಕಳು ಅದಾರೇನ್ರಿ?"

ಉತ್ತರ ಕೇಳಲು ಆಕೆ ನಿಲ್ಲಲಿಲ್ಲ.

ನನಗೆ ಅಲ್ಲಿ ನಿಲ್ಲಲೂ ಆಗಲಿಲ್ಲ, ಹೊರಡಲೂ ಆಗಲಿಲ್ಲ. ಆಟಗಾರ್ತಿಯರ ಕೋಣೆಯತ್ತ ಹೋಗಿ ಹೊರಗಿನ ನಲ್ಲಿಯ ಬಳಿ ನಿಂತೆ. ಹುಲಿಗೆಮ್ಮ ಮುಖ ತೊಳೆಯಲು ಬಂದಳು. ಆ ಹುಡುಗಿ ಹೇಗಿದ್ದಾಳೆ ಎಂದು ಕೇಳಿದೆ.

"ಡಾಕ್ಟ್ರು ನೋಡ್ಯಾರ್ರಿ, ಏನೂ ಆಗಿಲ್ಲಂತ. ಹೋಗಿ ಮಾತಾಡ್ಸಿ ಬಂದೆ." ಮುಖಕ್ಕೆ ನೀರು ಎರಚಿಕೊಂಡು ನಲ್ಲಿ ನಿಲ್ಲಿಸಿದಳು. ಆಮೇಲೆ ನೇರ ನನ್ನ ಕಡೆ ತಿರುಗಿದಳು. "ಒಂದು ಕೇಳಲೇನ್ರಿ ಮೇಡಂ? ಟ್ರೈ ಹಾಕಿದಾಗ ಮೂರು ಸಲ ನನ್ನ ಹೆಸರು ಕೂಗಿದ್ರಿ. ತಪ್ಪು ಮಾಡಿದಾಗ 'ಒಬ್ಬ ಆಟಗಾರ್ತಿ' ಅಂದ್ರಿ. ಯಾಕ್ರಿ?"

"ಊರವರೆಲ್ಲ ಇದ್ದರಲ್ಲಮ್ಮ. ನಿನಗೆ ನೋವಾಗಬಾರದೂಂತ..."

"ನೋವು ಆಗ್ಲೇ ಆಗಿತ್ತಲ್ರಿ. ಕೈ ಎತ್ತರ ಹೋದಾಗ ನನಗ ಗೊತ್ತಾತು, ಸೀಟಿ ಊದೂಕಿಂತ ಮೊದ್ಲ. ಬ್ಯಾರೆ ತಂಡದವರು ತಪ್ಪು ಮಾಡಿದ್ರ ಹೆಸರು ಹಿಡಿದು ಹೇಳ್ತೀರಿ. ನನ್ನದೂ ಹೇಳ್ರಿ. ಇಲ್ಲಾಂದ್ರ ನಾನು ಇವರ ಸರಿಸಮ ಆಡಾಕ ಬಂದಾಕಿ ಅಲ್ಲ, ಊರ ಹುಡುಗಿ ಪಾಪ ಅಂದಂಗ ಆಗತೈತಿ."

ತಾಯಿಗೆ ಹೆಚ್ಚು ಹೇಳಿದ್ದೆ, ಮಗಳಿಗೆ ಕಡಿಮೆ. ಬ್ರೂಸ್‌ಪೇಟೆಯವರೆಗೂ ನಡೆದೇ ಹೋದೆ. ಮೂರು ದಿನ ಕೂಗಿದ್ದಕ್ಕೆ ದನಿ ಒಡೆಯತೊಡಗಿತ್ತು. ಚಿಕ್ಕಮ್ಮ ಬಿಸಿನೀರಿಗೆ ಅರಿಶಿನ ಹಾಕಿ ಕೊಟ್ಟು, "ನಾಳಿ ಒಂದಿನ ಹೇಳಿಬಿಡು, ಆಮ್ಯಾಲ ಬಾಯಿ ಹೊಲ್ಕೊಂಡು ಕುಂದ್ರುವಿಯಂತ" ಎಂದರು.

ಕೊನೆಯ ದಿನ ಮೂರನೆಯ ಸ್ಥಾನದ ಪಂದ್ಯ. ಬಾದನಹಟ್ಟಿಯವರು ಬರುವುದಿಲ್ಲ ಎಂದೇ ಎಣಿಸಿದ್ದೆ. ಬಂದಿದ್ದರು, ನಿನ್ನೆಗಿಂತ ಹೆಚ್ಚು. ಹುಲಿಗೆಮ್ಮನ ತಾಯಿ ಅದೇ ಬೇಲಿಯ ಬಳಿ ಇದ್ದರು. ನನ್ನ ಕೋಣೆಯತ್ತ ಮುಖ ಮಾಡಲಿಲ್ಲ. ನಾನು ಸಂಘಟಕರನ್ನು ಕೇಳಿಕೊಂಡು ಪಂದ್ಯಕ್ಕೆ ಮುಂಚೆ ಸ್ವಲ್ಪ ಹೊತ್ತು ಪಡೆದು, ಯಾವುದಕ್ಕೆ ಸೀಟಿ ಊದುತ್ತಾರೆ ಎಂದು ಒಂದೊಂದಾಗಿ ಹೇಳಿದೆ. ಭುಜದ ಮೇಲೆ ಕೈ ಹೋದರೆ. ಚೆಂಡು ಮುಂದಕ್ಕೆ ಕೊಟ್ಟರೆ. ಕೆಡವಿದ ಮೇಲೆ ಬಿಡದಿದ್ದರೆ. "ಯಾರು ಮಾಡಿದರೂ ಹೆಸರು ಹೇಳುತ್ತೇನೆ" ಎಂದೂ ಸೇರಿಸಿದೆ.

ಆಟ ಕಿತ್ತಾಟವಾಗಿತ್ತು. ಕೊನೆಯ ನಿಮಿಷಕ್ಕೆ ನಾವು ನಾಲ್ಕೇ ಅಂಕ ಮುಂದಿದ್ದೆವು, ಅವರು ಒಂದು ಟ್ರೈ ಹಾಕಿದರೆ ಸೋಲು. ಎದುರಿನವರು ನಮ್ಮ ಗೆರೆಯ ಹತ್ತಿರ ಬಂದು ಬಂದು ಬೀಳುತ್ತಿದ್ದರು. ಹುಲಿಗೆಮ್ಮ ಒಬ್ಬಳನ್ನು ಕೆಡವಿದಳು. ಕೆಳಗಿನಿಂದ, ಶುದ್ಧವಾಗಿ. ಆದರೆ ಹಿಡಿತ ಬಿಡಲಿಲ್ಲ. ಸೀಟಿ. ರೆಫರಿಯ ಕೈ ಎದುರಿನವರ ಕಡೆಗೆ ಮೇಲೆದ್ದಿತು. ಅದೇ ಹೊತ್ತಿಗೆ ಸಮಯ ಮುಗಿದ ಹಾರ್ನ್ ಕೂಗಿತು. ತಪ್ಪಿಗೆ ಪೆನಾಲ್ಟಿ, ಅಂದರೆ ಚೆಂಡು ಎದುರಿನವರಿಗೆ; ಅದನ್ನು ಅವರು ಆಡಿ ಮುಗಿಸುವವರೆಗೆ ಆಟ ಮುಗಿಯುವಂತಿರಲಿಲ್ಲ.

ಇಡೀ ಮೆಟ್ಟಿಲುಸಾಲು ನನ್ನ ಕೋಣೆಯತ್ತ ತಿರುಗಿತು. ಸಂಘಟಕರು ಹಣೆ ಒತ್ತಿಕೊಂಡರು.

"ಹುಲಿಗೆಮ್ಮ!" ಎಂದೆ, ಟ್ರೈಗೆ ಕೂಗಿದಷ್ಟೇ ಜೋರಾಗಿ. "ಕೆಡವಿದ್ದು ಸರಿ, ಬಿಡಲಿಲ್ಲ. ತಪ್ಪು ಹುಲಿಗೆಮ್ಮನದು. ಪೆನಾಲ್ಟಿ ಅವರಿಗೆ. ಇದೇ ಕೊನೆಯ ಆಟ."

ಗುಜುಗುಜು ಎದ್ದಿತು. ಬೇಲಿ ಅಲುಗಾಡಲಿಲ್ಲ. ಹುಲಿಗೆಮ್ಮ ಮೇಲಕ್ಕೆ ನೋಡಲೂ ಇಲ್ಲ, ಮುಂಗೈಯಿಂದ ಬಾಯಿ ಒರೆಸಿಕೊಂಡು ಗೆರೆಯ ಮೇಲೆ ಹೋಗಿ ನಿಂತಳು.

ಅವರು ಚೆಂಡನ್ನು ಕಾಲಿಗೆ ತಾಗಿಸಿ ನುಗ್ಗಿದರು. ಒಂದು ಕೈ, ಎರಡು ಕೈ, ನಡುವಿನಲ್ಲಿ ಒಬ್ಬಳು ಸೀಳಿಕೊಂಡು ಬಂದಳು. ಹುಲಿಗೆಮ್ಮ ಬಗ್ಗಿದಳು, ಮೊಣಕಾಲಿಗಿಂತ ಸ್ವಲ್ಪ ಮೇಲೆ ಹೆಗಲು ಕೊಟ್ಟಳು, ಇಬ್ಬರೂ ಗೆರೆಗೆ ಒಂದು ಮಾರು ಈಚೆ ಬಿದ್ದರು. ನಾನು ಬಾಯಿ ತೆರೆಯುವ ಮೊದಲೇ ಬೇಲಿಯಿಂದ ಕೂಗು ಎದ್ದಿತು. ನಿನ್ನೆ ತಂತಿ ಹತ್ತಿದ್ದವರೇ ಕೂಗುತ್ತಿದ್ದರು.

"ಬಿಡು! ಬಿಡು!"

ಅದೆಲ್ಲದರ ಮೇಲೆ ಒಂದು ಹೆಣ್ಣು ದನಿ, ಹೊಲದ ಆಚೆ ಬದುವಿಗೆ ಕೇಳುವಂಥದ್ದು: "ಬಿಡ ಹುಲಿಗೀ! ಬಿಟ್ಟು ಏಳಲೇ!"

ಬಿಟ್ಟಳು. ಎದ್ದಳು. ಬಿದ್ದವಳ ಎದೆಯ ಮೇಲಿದ್ದ ಚೆಂಡನ್ನು ಬಗ್ಗಿ ಕಿತ್ತು ಹಿಂದಕ್ಕೆ ಕೊಟ್ಟಳು. ಹಿಂದಿದ್ದವಳು ಅದನ್ನು ಮೈದಾನದಾಚೆಗೆ ಒದ್ದಳು. ಚೆಂಡು ಹೊರಗೆ, ಆಟ ಮುಗಿಯಿತು. ಉದ್ದನೆಯ ಸೀಟಿ.

ಮೈಕು ನನ್ನ ಬಾಯಿಯ ಹತ್ತಿರವೇ ಇತ್ತು, ಗಂಟಲು ಮಾತ್ರ ಸಂಪೂರ್ಣ ಒಡೆದುಹೋಗಿತ್ತು. ಹುಡುಗಿಯರು ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಿದ್ದರು. ಕೋಚ್ ನೆಲದ ಮೇಲೆ ಕುಳಿತುಬಿಟ್ಟಿದ್ದರು. ತಾಯಿ ಮಾತ್ರ ಆಚೀಚೆ ನೋಡುತ್ತ, ಪಕ್ಕದವರ ಗದ್ದಲದಲ್ಲಿ ಏನೂ ತಿಳಿಯದೆ, ಕೊನೆಗೆ ತಲೆ ಎತ್ತಿ ನನ್ನ ಕೋಣೆಯತ್ತ ಕೈಮಾಡಿ ಕೂಗಿದರು.

"ಮೇಡಂ! ಗೆದ್ದೇವೇನ್ರೀ?"

ದನಿ ಬರಲಿಲ್ಲ. ಮೈಕನ್ನು ಕೆಳಗಿಟ್ಟು, ಕೋಣೆಯಿಂದ ಹೊರಗೆ ಬಂದು, ಆಕೆಗೆ ಕಾಣುವಂತೆ ಎರಡೂ ಕೈ ಎತ್ತಿ ತೋರಿಸಿದೆ.